ಕರುಳಿನ ಉರಿಯೂತ: ಡಾಪ್ಲರ್ ತೋರುವ ರಕ್ತಹರಿವನ್ನು ನಂಬಿ ಔಷಧ ಬದಲಿಸಬಹುದೇ?

ಪರ

ಕರುಳಿನ ದೀರ್ಘಕಾಲದ ಉರಿಯೂತದ ಎರಡು ಮುಖ್ಯ ಬಗೆಗಳಾದ ಕ್ರೋನ್ಸ್ ಕಾಯಿಲೆಯಾಗಲಿ ಅಲ್ಸರೇಟಿವ್ ಕೊಲೈಟಿಸ್ ಆಗಲಿ ಒಮ್ಮೆ ಬಂದರೆ ಬದುಕಿನುದ್ದಕ್ಕೂ ಜೊತೆಗಿರುವಂಥದ್ದು. ಆದ್ದರಿಂದ ಅದರ ಮೇಲೆ ಕಣ್ಣಿಡುವ ಪರೀಕ್ಷೆಯೂ ರೋಗಿ ಮತ್ತೆ ಮತ್ತೆ ತಾಳಿಕೊಳ್ಳುವಂತಿರಬೇಕು. ಗುದದ್ವಾರದ ಮೂಲಕ ಕ್ಯಾಮೆರಾ ಕೊಳವೆ ತೂರಿಸಿ ದೊಡ್ಡ ಕರುಳನ್ನು ನೋಡುವ ಕೊಲೊನೊಸ್ಕೋಪಿ ಎಂದರೆ ಲೀಟರುಗಟ್ಟಲೆ ಭೇದಿಯ ದ್ರಾವಣ ಕುಡಿದು ಕರುಳು ಪೂರ್ತಿ ಬರಿದಾಗುವವರೆಗೆ ಶೌಚಾಲಯಕ್ಕೆ ಅಲೆಯಬೇಕು. ಸಿಟಿ ಸ್ಕ್ಯಾನಿನಲ್ಲಿ ಪ್ರತಿ ಬಾರಿಯೂ ಒಂದಿಷ್ಟು ವಿಕಿರಣ ಮೈಗೆ ಸೇರುತ್ತದೆ. ಹೊಟ್ಟೆಗೆ ಜೆಲ್ ಸವರಿ ಪ್ರೋಬ್ ಇಡುವ ಅಲ್ಟ್ರಾಸೌಂಡಿಗೆ ಇವೆರಡರ ಹಂಗೂ ಇಲ್ಲ. ಮಕ್ಕಳಿಗೂ ಬಸುರಿಯರಿಗೂ ಅದನ್ನು ಅಂಜದೆ ಮಾಡಬಹುದು.

ಉರಿಯೂತ ಎದ್ದ ಕಡೆಗೆ ರಕ್ತ ನುಗ್ಗುತ್ತದೆ, ಹೊಸ ಸೂಕ್ಷ್ಮ ನಾಳಗಳೂ ಹುಟ್ಟುತ್ತವೆ. ಸಾಮಾನ್ಯವಾಗಿ 3 ಮಿಲಿಮೀಟರ್ ಮೀರದ ಕರುಳಿನ ಗೋಡೆ ಆಗ ದಪ್ಪಗಾಗಿರುತ್ತದೆ. ಅಲ್ಟ್ರಾಸೌಂಡಿನಲ್ಲೇ ರಕ್ತದ ಚಲನೆಯನ್ನು ಬಣ್ಣವಾಗಿ ತೋರಿಸುವ ಕಲರ್ ಡಾಪ್ಲರ್ ಹಾಕಿದೊಡನೆ ಆ ಬೂದುಬಣ್ಣದ ಪಟ್ಟಿಯೊಳಗೆ ಕೆಂಪು-ನೀಲಿ ಚುಕ್ಕೆಗಳು ಮಿನುಗತೊಡಗುತ್ತವೆ. 1999ರಲ್ಲಿ ಲಿಂಬರ್ಗ್ ಎಂಬ ವೈದ್ಯರು ಇದನ್ನು ದರ್ಜೆಗಳಾಗಿ ವಿಂಗಡಿಸಿದರು: ದಪ್ಪಗಾದರೂ ನಾಳ ಕಾಣದ ಗೋಡೆ, ಅಲ್ಲಲ್ಲಿ ಚುಕ್ಕೆ, ಉದ್ದನೆಯ ಗೆರೆ, ಕೊನೆಗೆ ಗೋಡೆಯನ್ನು ದಾಟಿ ಸುತ್ತಲಿನ ಕೊಬ್ಬಿಗೂ ಹಬ್ಬಿದ ಗೆರೆ. ಕೊಲೊನೊಸ್ಕೋಪಿಗೆ ಕಾಣುವುದು ಒಳಪದರ ಮಾತ್ರ. ಆದರೆ ಕ್ರೋನ್ಸ್ ಗೋಡೆಯ ಅಷ್ಟೂ ದಪ್ಪವನ್ನು ಕೊರೆಯುವ ರೋಗ. ಔಷಧ ನಾಟಿದರೆ ಗೋಡೆ ತೆಳುವಾಗುವುದೂ ಬಣ್ಣ ಮಾಸುವುದೂ ಕೆಲವೇ ವಾರಗಳಲ್ಲಿ ತೆರೆಯ ಮೇಲೆ ಕಾಣಬಹುದು. ನಾಟದ ಔಷಧವನ್ನು ಆಗಲೇ ಗುರುತಿಸಿ ಬಿಡುವ ಅವಕಾಶ ಇರುವಾಗ, ಮುಂದಿನ ಕೊಲೊನೊಸ್ಕೋಪಿಯವರೆಗೆ ರೋಗಿಯನ್ನು ಕಾಯಿಸುವುದು ನ್ಯಾಯವಲ್ಲ.

ವಿರೋಧ

ಚುಕ್ಕೆ ಕಾಣುವುದು ಕರುಳಿನ ಸ್ಥಿತಿಯೊಂದರಿಂದಲೇ ಅಲ್ಲ. ಇಂಥ ನಾಳಗಳಲ್ಲಿ ರಕ್ತ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್ ಸರಿಯುತ್ತದೆ. ಯಂತ್ರದ ವೇಗಮಿತಿಯನ್ನು ಅದಕ್ಕೆ ತಕ್ಕಂತೆ ಇಳಿಸದಿದ್ದರೆ ಹರಿವು ಇದ್ದೂ ಕಾಣದು, ಸಂಕೇತವನ್ನು ಹಿಗ್ಗಿಸುವ ಗೇನ್ ಹೆಚ್ಚಾದರೆ ಕರುಳಿನ ಅಲುಗಾಟವೇ ಬಣ್ಣವಾಗಿ ಮೂಡುತ್ತದೆ. ಹೊಟ್ಟೆಯ ಕೊಬ್ಬು ದಪ್ಪವಿದ್ದರಂತೂ ಆಳದ ಸಂಕೇತ ದುರ್ಬಲವಾಗುತ್ತದೆ. ಕೊಲೈಟಿಸ್ ಸಾಮಾನ್ಯವಾಗಿ ಶುರುವಾಗುವ ಗುದನಾಳವೇ ಹೊಟ್ಟೆಯ ಮೇಲಿನಿಂದ ಸರಿಯಾಗಿ ಸಿಗುವುದಿಲ್ಲ.

ಇದರ ಪರಿಣಾಮ ಎಷ್ಟೆಂಬುದನ್ನು ಅಲ್ಸರೇಟಿವ್ ಕೊಲೈಟಿಸ್‌ಗಾಗಿ ರೂಪಿಸಿದ ಮಿಲಾನ್ ಮಾನದಂಡದಲ್ಲೇ ನೋಡಬಹುದು. ಗೋಡೆಯ ದಪ್ಪವನ್ನು 1.4ರಿಂದ ಗುಣಿಸಿ, ರಕ್ತಹರಿವು ಕಂಡರೆ 2 ಕೂಡಿಸುತ್ತಾರೆ, ಮೊತ್ತ 6.2 ದಾಟಿದರೆ ರೋಗ ಸಕ್ರಿಯ. 4 ಮಿಲಿಮೀಟರ್ ಗೋಡೆಯಲ್ಲಿ ಚುಕ್ಕೆ ಕಂಡವರಿಗೆ 7.6, ಕಾಣದವರಿಗೆ 5.6. ಅದೇ ರೋಗಿ, ಅದೇ ಕರುಳು, ಪ್ರೋಬ್ ಹಿಡಿದ ಕೈ ಬದಲಾದರೆ ತೀರ್ಪೂ ಬದಲು. ಕರುಳಿಗೆ ರಕ್ತ ಒಯ್ಯುವ ಮೇಲಿನ ಮೆಸೆಂಟರಿಕ್ ಅಪಧಮನಿಯನ್ನು ಅಳೆಯೋಣವೆಂದರೆ, ಉಂಡ ಮೇಲೆ ಅದರ ಹರಿವು ಆರೋಗ್ಯವಂತರಲ್ಲೂ ಏರುತ್ತದೆ. ಈ ರೋಗಗಳ ಚಿಕಿತ್ಸೆಯ ಗುರಿಗಳನ್ನು ಕುರಿತ ತಜ್ಞರ 2021ರ ಸ್ಟ್ರೈಡ್-2 ಒಮ್ಮತವೂ ಗೋಡೆ ಪೂರ್ಣ ದಪ್ಪದಲ್ಲಿ ಗುಣವಾಗುವುದನ್ನು ಚಿಕಿತ್ಸೆಯ ಅಧಿಕೃತ ಗುರಿಯಾಗಿ ಸ್ವೀಕರಿಸಲಿಲ್ಲ.

ನಮ್ಮ ದೇಶದಲ್ಲಿ ಇನ್ನೊಂದು ಅಪಾಯವಿದೆ, ನನಗೆ ಅತಿ ಗಂಭೀರವೆನಿಸುವುದೂ ಅದೇ. ಕರುಳಿನ ಕ್ಷಯವೂ ಸಣ್ಣ ಕರುಳಿನ ಕೊನೆಯ ಭಾಗವಾದ ಇಲಿಯಮ್ ಮತ್ತು ದೊಡ್ಡ ಕರುಳಿನ ಮೊದಲ ಭಾಗವಾದ ಸೀಕಮ್ ಕೂಡುವೆಡೆ ಗೋಡೆಯನ್ನು ದಪ್ಪಗಾಗಿಸಿ, ರಕ್ತ ತುಂಬಿಸಿ ಕ್ರೋನ್ಸ್‌ನಂತೆಯೇ ತೋರುತ್ತದೆ. ಬಣ್ಣ ಕಂಡಿತೆಂದು ಇನ್‌ಫ್ಲಿಕ್ಸಿಮ್ಯಾಬ್‌ನಂಥ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ಆರಂಭಿಸಿದರೆ ಅಡಗಿದ್ದ ಕ್ಷಯ ಮೈಯೆಲ್ಲ ಹಬ್ಬಬಹುದು. ಎರಡನ್ನೂ ಬೇರ್ಪಡಿಸಲು ಕರುಳಿನ ತುಣುಕು ಪ್ರಯೋಗಾಲಯ ಸೇರಬೇಕು, ಅದನ್ನು ತರಲು ಕೊಲೊನೊಸ್ಕೋಪ್ ಒಳಹೋಗಬೇಕು.