ಮಂಡ್ಯದೋರು ಓದಿಲ್ಲ ಅನ್ನೋ ಮುಂಚೆ ಸಿ-8 ಪಟ್ಟಿ ಒಂದ್ಸಲ ತೆಗೀರಿ

ಸಾಕ್ಷರತೆ ಮಂಡ್ಯ ಜಿಲ್ಲೆಯಲ್ಲಿ ಶೇ. 70.40, ಮೈಸೂರಿನಲ್ಲಿ 72.79, ರಾಜ್ಯದಲ್ಲಿ 75.36. 2011ರ ಜನಗಣತಿಯ ಈ ಮೂರು ಅಂಕಿ ಹಿಡಿದುಕೊಂಡು ‘ಮಂಡ್ಯದೋರಿಗೆ ಗದ್ದೆ ಇದ್ರೆ ಸಾಕು, ಓದು ಯಾಕೆ’ ಅಂತ ಷರಾ ಬರೆಯುವವರು ಇಲ್ಲಿ ಬೇಕಾದಷ್ಟಿದ್ದಾರೆ. ಅಂಕಿಗಳೇನೋ ಸರಿ. ಅವು ಹೇಳುತ್ತಿರುವ ವಿಷಯವೇ ಬೇರೆ.

ಏಳು ವರ್ಷ ತುಂಬಿ, ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥ ಮಾಡಿಕೊಂಡು ಓದಿ ಬರೆಯಬಲ್ಲವರೆಲ್ಲ ಗಣತಿಯ ಪ್ರಕಾರ ಸಾಕ್ಷರರು. ಶಾಲೆಯ ಮೆಟ್ಟಿಲು ಹತ್ತಿರಲೇಬೇಕೆಂದೂ ಇಲ್ಲ. ಮೂರನೇ ಕ್ಲಾಸಿನ ಹುಡುಗಿಗೂ ಅಲ್ಲಿ ಒಂದು ಗೀಟು, ಮಾನಸಗಂಗೋತ್ರಿಯಲ್ಲಿ ಪಿಎಚ್‌.ಡಿ. ಮಾಡಿದವರಿಗೂ ಒಂದೇ ಗೀಟು. ದೊಡ್ಡವರು ಎಷ್ಟು ಓದಿದ್ದಾರೆ ಅಂತ ತಿಳಿಯಬೇಕಾದರೆ ಅದೇ ಗಣತಿಯ ಸಿ-8 ಪಟ್ಟಿ ತೆಗೆಯಬೇಕು. ವಯಸ್ಸು, ಗಂಡು-ಹೆಣ್ಣು, ಮುಗಿಸಿದ ಕೊನೆಯ ಹಂತದ ಓದು ಎಲ್ಲ ಅದರಲ್ಲಿದೆ.

ಪಟ್ಟಿ ತೆಗೆದವರೂ ಮೊದಲು ಎಡವುವುದು ವಯಸ್ಸಿನಲ್ಲಿ. ಮೇಲಿನ ‘ಒಟ್ಟು’ ಸಾಲಿನಲ್ಲಿ ಮಕ್ಕಳೂ ಇರುತ್ತಾರೆ. ಅದರಿಂದ ಭಾಗಿಸಿದರೆ ಡಿಗ್ರಿ ಆದವರ ಪಾಲು ತನ್ನಷ್ಟಕ್ಕೆ ಕುಗ್ಗುತ್ತದೆ. 25 ದಾಟಿದವರ ಸಾಲುಗಳನ್ನಷ್ಟೇ ಕೂಡಿ. ಅಷ್ಟರಲ್ಲಿ ಹೆಚ್ಚಿನವರ ಓದು ಮುಗಿದಿರುತ್ತದೆ. ಆಮೇಲೆ ಅದನ್ನೂ ಒಡೆದು 25-34 ಬೇರೆ, 60 ದಾಟಿದವರು ಬೇರೆ ಮಾಡಿ. ಎರಡನ್ನೂ ಒಂದೇ ಸರಾಸರಿಗೆ ಸುರಿದರೆ, 1950ರ ದಶಕದಲ್ಲಿ ಊರಿಗೆ ಹೈಸ್ಕೂಲೇ ಇಲ್ಲದ ಕಾಲದ ಅಜ್ಜಿಯ ಲೆಕ್ಕವನ್ನು ಇವತ್ತಿನ ಮೊಮ್ಮಗಳ ತಲೆಗೆ ಕಟ್ಟಿದ ಹಾಗೆ.

ಎರಡನೇ ತಪ್ಪು ಇನ್ನೂ ಸಾಮಾನ್ಯ. ಆ ಪಟ್ಟಿಯಲ್ಲಿ ಒಬ್ಬರು ಒಂದೇ ಕಾಲಂನಲ್ಲಿ ಬರುತ್ತಾರೆ. ‘ಮೆಟ್ರಿಕ್’ ಕಾಲಂನಲ್ಲಿ ಇರುವವರು ಎಸ್ಸೆಸ್ಸೆಲ್ಸಿಗೇ ನಿಂತವರು ಮಾತ್ರ. ಎಸ್ಸೆಸ್ಸೆಲ್ಸಿ ಪಾಸಾದವರು ಒಟ್ಟು ಎಷ್ಟು ಅಂತ ಬೇಕಿದ್ದರೆ ಪಿಯುಸಿ, ಎರಡೂ ಬಗೆಯ (ತಾಂತ್ರಿಕ, ತಾಂತ್ರಿಕೇತರ) ಡಿಪ್ಲೊಮಾ, ಪದವಿ ಕಾಲಂಗಳನ್ನು ಅದಕ್ಕೆ ಸೇರಿಸಬೇಕು. ಇದನ್ನು ಮರೆತು ‘ಎಸ್ಸೆಸ್ಸೆಲ್ಸಿ ಆದವರು ಇಷ್ಟೇನಾ’ ಅಂತ ಗಾಬರಿಯಾಗಿ ಬರೆದ ಪೋಸ್ಟುಗಳಿಗೆ ಲೈಕು ಮಾತ್ರ ಧಾರಾಳ.

ಪಟ್ಟಿಯಲ್ಲಿ ಪ್ರೈಮರಿಗೂ ಮೆಟ್ರಿಕ್‌ಗೂ ನಡುವೆ ಬರುವ ‘ಮಿಡ್ಲ್’ ಅನ್ನುವ ಪದದ ಹತ್ತಿರವೂ ಹುಷಾರಾಗಿರಬೇಕು. ನಮ್ಮಲ್ಲಿ ಹಿರಿಯ ಪ್ರಾಥಮಿಕ ಅಂದರೆ ಏಳನೇ ತರಗತಿವರೆಗೆ, ಎಂಟಕ್ಕೆ ಹೈಸ್ಕೂಲು ಶುರು. ಬೇರೆ ಎಷ್ಟೋ ರಾಜ್ಯಗಳಲ್ಲಿ ಆ ಹಂತ ಎಂಟಕ್ಕೆ ಮುಗಿಯುತ್ತದೆ. ಏಳು ಮುಗಿಸಿ ಹೊಲಕ್ಕಿಳಿದವರು ಒಂದು ಲೆಕ್ಕದಲ್ಲಿ ಮಿಡ್ಲ್ ಪಾಸು, ಇನ್ನೊಂದರಲ್ಲಿ ಬರೀ ಪ್ರೈಮರಿ. ಎರಡು ಸಮೀಕ್ಷೆಗಳನ್ನು ಅಕ್ಕಪಕ್ಕ ಇಡುವ ಮುಂಚೆ ಯಾರು ಎಲ್ಲಿ ಗೆರೆ ಹಾಕಿದ್ದಾರೆ ಅಂತ ನೋಡಿಕೊಳ್ಳಿ.

ಇನ್ನು ಎರಡು ಜಿಲ್ಲೆಗಳ ಹೋಲಿಕೆ. ಸಾಕ್ಷರತೆಯನ್ನೇ ಬಿಡಿಸಿ ನೋಡಿ. ಗಂಡಸರದು ಮಂಡ್ಯದಲ್ಲಿ 78.27, ಮೈಸೂರಿನಲ್ಲಿ 78.46. ಕೂದಲೆಳೆಯ ವ್ಯತ್ಯಾಸ. ಹೆಂಗಸರದು 62.54 ಮತ್ತು 67.06. ಅಂದರೆ ಜಿಲ್ಲೆಗಳ ನಡುವಿನ ಅಂತರ ಬಹುಪಾಲು ಹೆಂಗಸರದೇ. ಜೊತೆಗೆ, ಆ ಗಣತಿಯಲ್ಲಿ ಮೈಸೂರು ಜಿಲ್ಲೆಯಲ್ಲಿ ಶೇ. 41ರಷ್ಟು ಜನ ನಗರ, ಪಟ್ಟಣಗಳಲ್ಲಿದ್ದರೆ ಮಂಡ್ಯದಲ್ಲಿ ಅಂಥವರು ಬರೀ ಶೇ. 17. ಇಂಥ ಎರಡು ಜಿಲ್ಲೆಗಳನ್ನು ಇಡಿಯಾಗಿ ತೂಗುವುದೇ ನನ್ನ ಪ್ರಕಾರ ತಪ್ಪು. ನಾಗಮಂಗಲದ ಹಳ್ಳಿಗಳನ್ನು ಪಿರಿಯಾಪಟ್ಟಣದ ಹಳ್ಳಿಗಳ ಜೊತೆ ಇಟ್ಟು ನೋಡಿ. ಮೈಸೂರು ನಗರದ ಸರಸ್ವತಿಪುರಂ ಜೊತೆ ಅಲ್ಲ.

ಎಲ್ಲಕ್ಕಿಂತ ದೊಡ್ಡ ಸೋರಿಕೆ ವಲಸೆ. ಗಣತಿ ಜನರನ್ನು ಹುಟ್ಟಿದೂರಲ್ಲಿ ಎಣಿಸುವುದಿಲ್ಲ, ವಾಸವಿರುವಲ್ಲಿ ಎಣಿಸುತ್ತದೆ. ಒಂದು ಊರಲ್ಲಿ 25 ದಾಟಿದವರು ನೂರು ಜನ, ಅದರಲ್ಲಿ ಡಿಗ್ರಿ ಆದವರು 20 ಅಂದುಕೊಳ್ಳಿ. ಆ 20ರಲ್ಲಿ 15 ಜನ ಕೆಲಸಕ್ಕೆ ಅಂತ ಬೆಂಗಳೂರು ಸೇರಿದರು. ಉಳಿದ 85ರಲ್ಲಿ ಪದವೀಧರರು ಐದೇ. ಶೇ. 20 ಇದ್ದದ್ದು ಶೇ. 6ರ ಹತ್ತಿರಕ್ಕೆ ಬಂತು. ಊರಿನ ಶಾಲೆ ಕೆಟ್ಟಿಲ್ಲ, ಕಬ್ಬಿನ ದುಡ್ಡಿನಲ್ಲಿ ಫೀಸು ಕಟ್ಟಿದ ಅಪ್ಪ ಅಲ್ಲೇ ಇದ್ದಾನೆ, ಡಿಗ್ರಿ ಮಾತ್ರ ಕೆಂಗೇರಿಯ ಲೆಕ್ಕಕ್ಕೆ ಜಮಾ. ಮೈಸೂರಿಗೆ ಇದು ಎರಡೂ ಕಡೆಯಿಂದ ಆಗುತ್ತದೆ: ಬೆಂಗಳೂರಿಗೆ ಹೋಗುವವರು ಹೋಗುತ್ತಾರೆ, ಓದಲು ಬಂದು ಉಳಿದವರು ಸೇರಿಕೊಳ್ಳುತ್ತಾರೆ. 1916ರಿಂದ ವಿಶ್ವವಿದ್ಯಾನಿಲಯ ಇರುವ ಊರಿಗೆ ಈ ಅನುಕೂಲ ಇದ್ದೇ ಇದೆ.

ಇನ್ನು ಮನೆ ಬಾಗಿಲಲ್ಲಿ ಆಗುವ ತಪ್ಪು. ಮನೆಯವರೆಲ್ಲರ ಪರವಾಗಿ ಒಬ್ಬರೇ ಉತ್ತರ ಹೇಳುವುದರಿಂದ ‘ನಮ್ಮ ಹುಡ್ಗ ಇಂಜಿನಿಯರಿಂಗ್’ ಅನ್ನುವ ಮಾತು ಹಾಗೇ ಪದವಿ ಅಂತ ದಾಖಲಾಗಿಬಿಡುತ್ತದೆ. ನಾಲ್ಕು ಸಬ್ಜೆಕ್ಟ್ ಬ್ಯಾಕ್ ಇದ್ದರೆ ಅವನ ಮುಗಿದ ಓದು ಪಿಯುಸಿ. ಎಸ್ಸೆಸ್ಸೆಲ್ಸಿ ಡುಮ್ಕಿ ಆದವರು ಎಸ್ಸೆಸ್ಸೆಲ್ಸಿ ಅಲ್ಲ, ಅದರ ಹಿಂದಿನ ಹಂತ. ಕರ್ನಾಟಕ ರಾಜ್ಯ ಮುಕ್ತ ವಿವಿಯ ಡಿಗ್ರಿಯದು ಇನ್ನೊಂದು ಫಜೀತಿ. 2015ರಲ್ಲಿ ಯುಜಿಸಿ ಮಾನ್ಯತೆ ಹೋಗಿ 2018ರಲ್ಲಿ ವಾಪಸು ಬಂದ ನಡುವೆ ಸಿಕ್ಕಿಕೊಂಡವರ ಪದವಿ ಗಣತಿಗೆ ಪದವಿಯೇ, ಕೆಲಸ ಕೊಡುವವರ ಮುಂದೆ ವಾದ ಮಾಡಬೇಕಿತ್ತು.

ಅಂತರವನ್ನು ನಿಜಕ್ಕೂ ತಗ್ಗಿಸಬೇಕು ಅನ್ನುವವರು ದೊಡ್ಡವರಿಗೆ ಓದು ಬರಹ ಕಲಿಸುವ ಕೇಂದ್ರದ ಯೋಜನೆ ‘ಉಲ್ಲಾಸ್’ನ ಪ್ರಮಾಣಪತ್ರ ಎಷ್ಟು ಜನಕ್ಕೆ ಕೊಟ್ಟೆವು ಅಂತಷ್ಟೇ ಎಣಿಸಿದರೆ ಸಾಲದು. ಓದು, ಬರಹ, ಲೆಕ್ಕಕ್ಕೆ ತಲಾ 50ರಂತೆ 150 ಅಂಕದ ಆ ಪರೀಕ್ಷೆ ನಿರಕ್ಷರಿಯನ್ನು ಸಾಕ್ಷರ ಮಾಡುತ್ತದೆ, ಎಸ್ಸೆಸ್ಸೆಲ್ಸಿ ಕಾಲಂಗೆ ತಂದು ಕೂರಿಸುವುದಿಲ್ಲ. ಏಳಕ್ಕೋ ಒಂಬತ್ತಕ್ಕೋ ಬಿಟ್ಟ ಹೆಂಗಸರಿಗೆ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್ ದಾರಿ ಇದೆ. 14 ತುಂಬಿದ ಮೇಲೆ ಎಷ್ಟೇ ವಯಸ್ಸಾಗಿರಲಿ ಹತ್ತನೇ ತರಗತಿಗೆ ಸೇರಬಹುದು. ಪಾಸಾಗಬೇಕಾದ್ದು ಐದು ವಿಷಯ, ಅದಕ್ಕೆ ಐದು ವರ್ಷದಲ್ಲಿ ಒಂಬತ್ತು ಅವಕಾಶ, ಒಂದೊಂದೇ ವಿಷಯ ಕಟ್ಟಿ ಮುಗಿಸಿಕೊಂಡರೂ ಆದೀತು. ಮದ್ದೂರು, ಮಳವಳ್ಳಿ ಕಡೆಯ ಸ್ವಸಹಾಯ ಸಂಘಗಳ ವಾರದ ಸಭೆಯಲ್ಲಿ ಸಾಲದ ಕಂತಿನ ಜೊತೆ ಈ ಮಾತೂ ಬರಲಿ. ಸೇರುವಾಗ ಹಳೇ ಟಿ.ಸಿ.ಯಲ್ಲೂ ಆಧಾರ್‌ನಲ್ಲೂ ಹೆಸರು, ಹುಟ್ಟಿದ ತಾರೀಕು ಒಂದೇ ಥರ ಇದೆಯಾ ನೋಡಿಕೊಳ್ಳಿ. ಒಂದರಲ್ಲಿ ‘ಜಯಮ್ಮ’, ಇನ್ನೊಂದರಲ್ಲಿ ‘ಜಯಲಕ್ಷ್ಮಮ್ಮ’ ಅಂತಿದ್ದರೆ ಅದನ್ನು ತಿದ್ದಿಸುವುದರಲ್ಲೇ ಒಂದು ಪರೀಕ್ಷೆ ಕಳೆದುಹೋಗುತ್ತದೆ.