ಕ್ರೈಸ್ತ ಸಭೆಗೆ (ಚರ್ಚಿಗೆ) ಐದು ವರ್ಷದ ಯೋಜನೆ ಬೇಕೆ?

ಪರ: ಮೊದಲು ಲೆಕ್ಕ, ಆಮೇಲೆ ಅಡಿಗಲ್ಲು

ಯೋಜನೆ ಎಂದ ಕೂಡಲೇ "ಸಭೆ ಏನು ಕಂಪನಿಯೇ?" ಎಂದು ಮೂಗು ಮುರಿಯುವವರು ಬೈಬಲಿನ ವಿಮೋಚನಕಾಂಡದ 18ನೇ ಅಧ್ಯಾಯ ತೆರೆಯಲಿ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕೂತು ನ್ಯಾಯ ತೀರಿಸುತ್ತಿದ್ದ ಮೋಶೆಗೆ ಮಾವ ಇತ್ರೋ ಹೇಳಿದ್ದೇನು? ಹೀಗಾದರೆ ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ. ಸಾವಿರ, ನೂರು, ಐವತ್ತು, ಹತ್ತು ಮಂದಿಗೆ ಒಬ್ಬೊಬ್ಬರನ್ನು ನೇಮಿಸು. ಯೆರೂಸಲೇಮಿನ ಗೋಡೆ ಮತ್ತೆ ಕಟ್ಟಿಸಲು ಹೊರಟ ನೆಹೆಮೀಯನೂ ಪ್ರಾರ್ಥಿಸಿದ, ಸರಿ. ಆಮೇಲೆ ಮರಮಟ್ಟಿಗೆ ರಾಜನಿಂದ ಪತ್ರ ಬರೆಸಿಕೊಂಡ, ರಾತ್ರಿ ಹೊತ್ತು ಗೋಡೆ ಸುತ್ತಿ ನೋಡಿದ, ಯಾರಿಗೆ ಯಾವ ಭಾಗವೆಂದು ಹಂಚಿದ. 52 ದಿನದಲ್ಲಿ ಗೋಡೆ ಮುಗಿಯಿತು.

"ನಾಳೆ ಏನಾಗುವುದೋ ನಿಮಗೆ ಗೊತ್ತಿಲ್ಲ" ಎಂಬ, ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆಯ ಮಾತನ್ನು ಎತ್ತುವವರಿದ್ದಾರೆ. ಅದು ಲಾಭಕ್ಕೆ ಊರೂರು ತಿರುಗುವ ವ್ಯಾಪಾರಿಗಳಿಗೆ ಹೇಳಿದ್ದು, ಬಿಡಿ.

ನಾನು ಖಜಾಂಚಿಯಾಗಿದ್ದ ಸಭೆಯಲ್ಲಿ ದೊಡ್ಡ ಮಂದಿರ ಕಟ್ಟಲು ಹೊರಟರು. ತಿಂಗಳ ಕಾಣಿಕೆ ಎಷ್ಟು, ಸಾಲದ ಕಂತು ಎಷ್ಟು ಎಂದು ಕೇಳಿದರೆ "ಬ್ರದರ್, ನಿಮಗೆ ನಂಬಿಕೆ ಸಾಲದು" ಎಂದರು ಹಿರಿಯರೊಬ್ಬರು. ಕಂಬ ಎದ್ದವು, ಚಾವಣಿ ಬರಲಿಲ್ಲ. ಅಷ್ಟರಲ್ಲಿ ಪಾಸ್ಟರ್ ಬೇರೆ ಸಭೆಗೆ ಹೋದರು. ಯಾರಿಗೆ ಎಷ್ಟು ಬಾಕಿ ಎಂಬ ಲೆಕ್ಕ ಅವರ ತಲೆಯಲ್ಲಿತ್ತು, ಅವರ ಜೊತೆಗೇ ಹೋಯಿತು. ಸಾಲ ಕೊಟ್ಟವರು ಭಾನುವಾರದ ಆರಾಧನೆ ಮುಗಿಯುವುದನ್ನೇ ಕಾದು ಬಾಗಿಲಲ್ಲಿ ನಿಲ್ಲುತ್ತಿದ್ದರು; ಹಿರಿಯರು ಹಿಂಬಾಗಿಲಿಂದ ಜಾರುತ್ತಿದ್ದರು. ನಂಬಿಕೆ ಸಾಲದ ನಾನು ಬಾಗಿಲಲ್ಲಿ ನಿಂತವರೊಡನೆ ಮಾತಾಡಬೇಕಿತ್ತು.

ಮುಂದಿನ ಪಾಸ್ಟರ್ ಹೇಗೆ ಬರುತ್ತಾರೆ, ಆಸ್ತಿ ಯಾರ ಹೆಸರಿನಲ್ಲಿದೆ, ಚೆಕ್ಕಿಗೆ ಎರಡನೇ ಸಹಿ ಯಾರದು, ಯುವಜನರಲ್ಲಿ ಯಾರನ್ನು ಹೊಣೆಗಾರಿಕೆಗೆ ತಯಾರು ಮಾಡಬೇಕು. ಇಷ್ಟನ್ನು ಬರೆದಿಟ್ಟರೆ ಪವಿತ್ರಾತ್ಮನಿಗೆ ಅಡ್ಡಿಯಾಗುತ್ತದೆಯೇ? ಸೋಮಾರಿತನಕ್ಕೆ ನಂಬಿಕೆ ಎಂದು ಹೆಸರಿಟ್ಟದ್ದು ಸಾಕು.

ವಿರೋಧ: ಪಟ್ಟಿಯಲ್ಲಿ ಇಲ್ಲದವರು

ಈ ಪಕ್ಷ ವಹಿಸಲು ಬೇರೆ ಯಾರೂ ಒಪ್ಪದ್ದರಿಂದ ನನ್ನ ಪಾಲಿಗೆ ಬಂದಿದೆ. ಲೆಕ್ಕಪತ್ರ ಬೇಡ ಎಂದು ನಾನೂ ಹೇಳಲಾರೆ. ಐದು ವರ್ಷದಲ್ಲಿ ಇಷ್ಟು ದೀಕ್ಷಾಸ್ನಾನ, ಇಷ್ಟು ಹೊಸ ಸಭೆ ಎಂದು ಬಣ್ಣದ ಚಾರ್ಟು ತೋರಿಸುವಾಗ ಮಾತ್ರ ನನಗೆ ಕಸಿವಿಸಿ.

ಅಪೊಸ್ತಲ ಪೌಲನು ಸುವಾರ್ತೆ ಸಾರಲು ಬಿಥೂನ್ಯ ಸೀಮೆಗೆ ಹೊರಟಿದ್ದ. ಆತ್ಮನು ಬಿಡಲಿಲ್ಲ, ಮಕೆದೋನ್ಯಕ್ಕೆ ಹೋದ. 1910ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ನಡೆದ ಲೋಕ ಮಿಷನರಿ ಸಮ್ಮೇಳನಕ್ಕೆ ಸುಮಾರು 1,200 ಪ್ರತಿನಿಧಿಗಳು ಸೇರಿ, ಲೋಕಕ್ಕೆಲ್ಲ ಸುವಾರ್ತೆ ಮುಟ್ಟಿಸುವ ಬಗ್ಗೆ ಸಂಪುಟಗಟ್ಟಲೆ ವರದಿ ಮುಂದಿಟ್ಟುಕೊಂಡು ಚರ್ಚಿಸಿದರು. ನಾಲ್ಕೇ ವರ್ಷದಲ್ಲಿ ಅವರಲ್ಲಿ ಅನೇಕರ ದೇಶಗಳು ಒಂದರ ಮೇಲೊಂದು ಯುದ್ಧಕ್ಕೆ ಬಿದ್ದವು. ಅದೇ ಹೊತ್ತಿನಲ್ಲಿ, 1913ರಲ್ಲಿ, ಪಶ್ಚಿಮ ಆಫ್ರಿಕದ ಲೈಬೀರಿಯದ ಬೋಧಕ ವಿಲಿಯಂ ವೇಡ್ ಹ್ಯಾರಿಸ್ ಬಿಳಿ ನಿಲುವಂಗಿ ತೊಟ್ಟು, ಶಿಲುಬೆ ಹಿಡಿದು ಐವರಿ ಕೋಸ್ಟಿಗೆ ನಡೆದರು. ಅವರನ್ನು ಅಲ್ಲಿನ ಫ್ರೆಂಚ್ ವಸಾಹತು ಸರಕಾರ ಹೊರಹಾಕುವ ಹೊತ್ತಿಗೆ ಲಕ್ಷಕ್ಕೂ ಮಿಕ್ಕಿ ಜನ ದೀಕ್ಷಾಸ್ನಾನ ಪಡೆದಿದ್ದರೆಂದು ಅಂದಾಜು. ಎಡಿನ್‌ಬರೋದ ಯಾವ ಪಟ್ಟಿಯಲ್ಲೂ ಅವರ ಹೆಸರಿರಲಿಲ್ಲ.

ಹಾಗೆ ಬಂದವರಿಗೆ ಕಲಿಸಲು ಮೆಥಡಿಸ್ಟ್ ಮಿಷನರಿಗಳು ತಲುಪುವಷ್ಟರಲ್ಲಿ ಹತ್ತಿರ ಹತ್ತಿರ ಹತ್ತು ವರ್ಷ ಕಳೆದಿತ್ತು ಎಂಬುದೂ ನಿಜ. ಇದನ್ನು ಎದುರು ಪಕ್ಷದವರು ತಮ್ಮ ವಾದಕ್ಕೆ ಬಳಸಿಕೊಳ್ಳಬಹುದು.