ದುಃಖಕ್ಕೆ 40 ದಿನದ ಗಡುವು ಇಲ್ಲ

ರಾಯಚೂರು, ಸಿಂಧನೂರು ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ಮನೆಯವರು ತೀರಿಕೊಂಡರೆ ದುಃಖ ಐದು ಹಂತಗಳಲ್ಲಿ ಸಾಲಾಗಿ ಬರುತ್ತದೆ, 40 ದಿನಕ್ಕೆ ಮುಗಿಯದಿದ್ದರೆ ಅದು ಮಾನಸಿಕ ಕಾಯಿಲೆ ಅಂತ. ಎರಡೂ ತಪ್ಪು.

ಆ ಐದು ಹಂತಗಳನ್ನು 1969ರಲ್ಲಿ ಹೇಳಿದ್ದು ಎಲಿಜಬೆತ್ ಕೂಬ್ಲರ್-ರಾಸ್ ಎಂಬ ಮನೋವೈದ್ಯೆ. ಅವರು ಮಾತಾಡಿಸಿದ್ದು ಸಾವಿನ ಹತ್ತಿರವಿದ್ದ ರೋಗಿಗಳನ್ನು, ಅವರನ್ನು ಕಳೆದುಕೊಂಡವರನ್ನಲ್ಲ. ಎಲ್ಲರಿಗೂ ಅದೇ ಸಾಲಿನಲ್ಲಿ ಬರಬೇಕೆಂದೂ ಇಲ್ಲ. ತಿಂಗಳುಗಟ್ಟಲೆ ಸುಮ್ಮನಿದ್ದವರು ಜೋಳದ ರಾಶಿಯ ದಿನ ಬಿಕ್ಕಿ ಬಿಕ್ಕಿ ಅಳಬಹುದು. ಅದರಲ್ಲಿ ತಪ್ಪೇನಿಲ್ಲ.

ಇನ್ನು ಕಾಯಿಲೆಯ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11 ಪ್ರಕಾರ ದುಃಖವನ್ನು ಕಾಯಿಲೆ ಅನ್ನಬೇಕಾದರೆ ಸಾವಾಗಿ ಕನಿಷ್ಠ 6 ತಿಂಗಳು ದಾಟಿರಬೇಕು, ಅವರವರ ಸಮಾಜದ ರೂಢಿಗಿಂತ ಜಾಸ್ತಿ ಇರಬೇಕು, ದಿನದ ಬದುಕಿಗೇ ಅಡ್ಡಿಯಾಗುವಷ್ಟು ತೀವ್ರವಾಗಿರಬೇಕು. ಅದಕ್ಕೂ ಹಂತಹಂತವಾಗಿ ಕೂತು ಮಾತಾಡಿಸುವ ಚಿಕಿತ್ಸೆ ಇದೆ. ಹಾಗಂತ ಸಹಾಯ ಕೇಳಲು 6 ತಿಂಗಳು ಕಾಯಬೇಕಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದರಂತೂ ತಡ ಮಾಡದೆ ಕರೆ ಮಾಡಿ.

ಈಗಷ್ಟೇ ಗಂಡನನ್ನೋ ಮಗುವನ್ನೋ ಕಳೆದುಕೊಂಡವರೂ ಆ ಸಂದೇಶ ಓದುತ್ತಾರೆ, ಅಲ್ವಾ? ದಯವಿಟ್ಟು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿನಲ್ಲಿ ಇದನ್ನೂ ಹಾಕಿ.